ಹಾಸಿಗೆಗೂ ಚಾದರಕ್ಕೂ ನಡುವಿನ ಗಾಳಿ

ಜನವರಿ ೯

ಏ ಮೊಂಡು,

ಕೈಗೇನು ಲಕ್ವ ಹೊಡೆದಿದೆಯಾ, ಇಲ್ಲಾ ನಿಮ್ಮ ಊರಲ್ಲಿ ಕಾಗದಕ್ಕೆ ಬರ ಬಂದಿದೆಯಾ? ನಿನ್ನ ಒಂದು ಸಾಲು ಕಂಡು ಎರಡು ತಿಂಗಳಾಯಿತು. ಟಪಾಲಿನ ದೋಣಿ ಬಂದಾಗಲೆಲ್ಲ ನಾನು ಚಪ್ಪಲಿ ಮೆಟ್ಟಿಕೊಂಡು ಕಟ್ಟೆಗೆ ಓಡುವುದು, ದೋಣಿಯವನು ಬರಿಗೈ ಅಲ್ಲಾಡಿಸುವುದು. ಇದೇ ಆಯಿತು. ಫೋನು ಮಾಡೋಣ ಅಂದರೆ ಇರುವ ಒಂದು ಫೋನು ದೋಣಿಕಟ್ಟೆಯ ಆಫೀಸಿನಲ್ಲಿದೆ. ಅದರಲ್ಲಿ ಕಿರುಚದೆ ಮಾತು ಹೋಗುವುದಿಲ್ಲ, ಕಿರುಚಿದರೆ ಇಡೀ ದ್ವೀಪ ಕಿವಿಗೊಟ್ಟು ನಿಲ್ಲುತ್ತದೆ. ಓದಿಸಿ ಬರೆಸಿ ದೊಡ್ಡವಳನ್ನಾಗಿ ಮಾಡಿದ ಅಜ್ಜಿಗೆ ನಾಲ್ಕು ಸಾಲು ಬರೆಯಲು ನಿನಗೆ ಪುರುಸೊತ್ತಿಲ್ಲ. ನಾಚಿಕೆ ಆಗಲಿ.

ಈಗ ಬರೆಯುತ್ತಿರುವ ಕಾರಣ ಬೇರೆ. ಕಟ್ಟೆಯ ಗೋಡೆಗೆ ಒಂದು ದೊಡ್ಡ ಚೀಟಿ ಅಂಟಿಸಿ ಹೋಗಿದ್ದಾರೆ. ನಮ್ಮಿಂದ ಆಚೆ ದಡಕ್ಕೆ ಹೊಸ ವಾಹನ ಬಿಡುತ್ತಾರಂತೆ. ನೀರನ್ನು ಮುಟ್ಟದೆ, ನೀರಿನ ಮೇಲೆಯೇ ಹಾರಿಕೊಂಡು ಹೋಗುತ್ತದಂತೆ. ಅರ್ಧ ದಿನದ ದಾರಿ ಅರ್ಧ ಗಂಟೆಯಂತೆ. ಕೆಳಗೆ ನಿನ್ನ ಕಾರ್ಖಾನೆಯ ಹೆಸರಿತ್ತು. 'ಇದು ನಮ್ಮ ಮೊಂಡು ಮಾಡಿದ್ದು' ಎಂದು ಎಲ್ಲರೆದುರು ಅಂದೆ. ದೋಣಿಯವನು ಸುಮ್ಮನಿರುವ ಆಸಾಮಿಯೇ?

"ಅಜ್ಜಿ, ಅದು ವಿಮಾನಾನೋ ದೋಣಿನೋ?"

"ವಿಮಾನ."

"ವಿಮಾನ ಆದ್ರೆ ಮೇಲೆ ಹೋಗ್ಬೇಕಲ್ಲ. ಇದು ಎರಡಾಳು ಎತ್ತರ ಹಾರುತ್ತಂತೆ. ಅಷ್ಟನ್ನ ನಮ್ಮನೆ ಕೋಳೀನೂ ಹಾರುತ್ತೆ."

ಅವತ್ತಿನಿಂದ ಎಲ್ಲರ ಬಾಯಲ್ಲೂ ಅದು ಕೋಳಿ. ಮುಂದಿನ ಕೋಣೆಗೆ ಬಾಡಿಗೆಗೆ ಬಂದಿರುವ ಆಸ್ಪತ್ರೆಯ ನರ್ಸಮ್ಮ ಕೂಡ ಮೊನ್ನೆ 'ಕೋಳಿ ಯಾವಾಗ ಬರುತ್ತೆ ಅಜ್ಜಿ' ಅಂದಳು. ನನ್ನ ಮಾನ ಹೋಯಿತು. ಹಾರಲು ಬರುವ ವಸ್ತು ನೆಟ್ಟಗೆ ಮೇಲೆ ಹಾರದೆ ಹೊಟ್ಟೆ ಎಳೆದುಕೊಂಡು ಯಾಕೆ ಹೋಗಬೇಕು? ನನಗೆ ತಿಳಿಯುವ ಹಾಗೆ ಬರಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದನ್ನು ಮರೆಯಬೇಡ.

ಅಕ್ಷರ ಸೊಟ್ಟಗಿದ್ದರೆ ಅದು ಪೆನ್ನಿನ ತಪ್ಪು.

ನಿನ್ನ ಅಜ್ಜಿ


ಜನವರಿ ೨೭

ಪ್ರೀತಿಯ ಅಜ್ಜಿ,

ಬೈಗುಳ ತಲುಪಿತು. ಅಕ್ಷರಗಳು ಒಂದೊಂದೂ ಬದನೆಕಾಯಿಯಷ್ಟು ದಪ್ಪ ಇದ್ದವು. ಸಿಟ್ಟಿಗೆ ಊದಿಕೊಂಡಿವೆ ಎಂದು ನಾನೂ ನನ್ನ ಪಕ್ಕದ ಮೇಜಿನವಳೂ ನಕ್ಕೆವು.

ನೀನು ಬಾಡಿಗೆ ಕೋಣೆಗಳ ಹಾಸಿಗೆಗೆ ಒಗೆದ ಚಾದರ ಹಾಸುವಾಗ ನಾನು ಮಂಚದ ಕಾಲು ಹಿಡಿದು ನೋಡುತ್ತಿದ್ದೆನಲ್ಲ, ಜ್ಞಾಪಕ ಇದೆಯಾ? ಎರಡು ತುದಿ ಹಿಡಿದು ಒಮ್ಮೆ ಬೀಸುತ್ತಿದ್ದೆ. ಚಾದರ ಸರಸರ ಇಳಿದು, ಇನ್ನು ಒಂದು ಗೇಣಿದೆ ಅನ್ನುವಾಗ ತಡೆದು ನಿಂತು, ಆಮೇಲೆ ನಿಧಾನವಾಗಿ ಕೂರುತ್ತಿತ್ತು. ಹಾಸಿಗೆಗೂ ಚಾದರಕ್ಕೂ ನಡುವೆ ಸಿಕ್ಕಿಬಿದ್ದ ಗಾಳಿಗೆ ತಟ್ಟನೆ ಓಡಿಹೋಗಲು ದಾರಿಯಿಲ್ಲ. ಹಾಗಾಗಿ ಅದು ಚಾದರವನ್ನು ಹೊತ್ತು ನಿಲ್ಲುತ್ತದೆ. ನಮ್ಮ ವಿಮಾನದ್ದೂ ಅದೇ ಕಥೆ. ರೆಕ್ಕೆ ನೀರಿಗೆ ತೀರಾ ಹತ್ತಿರ ಬಂದಾಗ ನಡುವಿನ ಗಾಳಿ ಒತ್ತಿಕೊಂಡು ಅದನ್ನು ಎತ್ತಿ ಹಿಡಿಯುತ್ತದೆ. ಇನ್ನೊಂದು ಲಾಭವೂ ಇದೆ. ಮೇಲೆ ಹಾರುವ ವಿಮಾನದ ರೆಕ್ಕೆಯ ತುದಿಯಲ್ಲಿ ಗಾಳಿ ಸುರುಳಿ ಸುತ್ತಿಕೊಂಡು ಹಿಂದಕ್ಕೆ ಜಗ್ಗುತ್ತದೆ. ಕೆಳಗೇ ನೀರಿದ್ದರೆ ಆ ಸುರುಳಿಗೆ ಕೈಕಾಲು ಚಾಚಲು ಜಾಗವಿಲ್ಲ. ಜಗ್ಗಾಟ ಕಡಿಮೆ, ಎಣ್ಣೆ ಖರ್ಚೂ ಕಡಿಮೆ. ಹೊಟ್ಟೆ ಎಳೆದುಕೊಂಡು ಹೋಗುವುದು ಸೋಮಾರಿತನವಲ್ಲ, ಜಾಣತನ ಎಂದು ದೋಣಿಯವರಿಗೆ ಹೇಳು.

ನನ್ನ ಕೆಲಸ ಒಂದು ಬೀದಿಯಷ್ಟು ಉದ್ದದ ನೀರಿನ ತೊಟ್ಟಿಯ ಪಕ್ಕದಲ್ಲಿ. ಒಂದು ತುದಿಯಲ್ಲಿ ಹಲಗೆಯೊಂದು ಹಿಂದೆ ಮುಂದೆ ಆಡಿ ಅಲೆ ಎಬ್ಬಿಸುತ್ತದೆ. ಮೇಲೆ ಹಳಿ, ಹಳಿಯ ಮೇಲೆ ಗಾಡಿ, ಗಾಡಿಯ ಕೆಳಗೆ ಅಲೆಗೆ ತಕ್ಕಂತೆ ಏರಿಳಿಯುವ ನನ್ನ ಪುಟ್ಟ ವಿಮಾನ. ಮೊನ್ನೆ ಅದು ಒಮ್ಮೆ ಮೂತಿ ಎತ್ತಿ ಮಗುಚಿಕೊಂಡಿತು. ಪುಟ್ಟದಕ್ಕೆ ಹಾಗೆಲ್ಲ ಆಗುತ್ತಿರುತ್ತದೆ. ನಿದ್ದೆ ಸ್ವಲ್ಪ ಕಡಿಮೆಯಾಗಿದೆ, ಅಷ್ಟೇ. ನೀನು ಹೇಗಿದ್ದೀಯ?

ನಿನ್ನ ಮೊಂಡು


ಫೆಬ್ರವರಿ ೧೧

ಮೊಂಡು,

ನಾನು ಗುಂಡುಕಲ್ಲಿನ ಹಾಗಿದ್ದೇನೆ. ನನ್ನ ಸುದ್ದಿ ಬಿಡು. ವಯಸ್ಸಿಗೆ ಬಂದ ಹೆಣ್ಣು ನಿದ್ದೆ ಬರುವುದಿಲ್ಲ ಎಂದು ಬರೆದರೆ ಅದರ ಅರ್ಥ ನನಗೆ ಗೊತ್ತಾಗುವುದಿಲ್ಲವೇ? ಯಾರವನು? ಅದೇ ತೊಟ್ಟಿಯ ಹತ್ತಿರ ಕೆಲಸ ಮಾಡುವವನಾ? ಮೀಸೆ ಇದೆಯಾ? ಸಿಗರೇಟು ಸೇದುವವನಾಗಿದ್ದರೆ ಈಗಲೇ ತೊಟ್ಟಿಗೆ ನೂಕು. ಒಳ್ಳೆಯವನಾಗಿದ್ದರೆ ಕರೆದುಕೊಂಡು ಬಾ, ನೋಡಿ ಹೇಳುತ್ತೇನೆ.

ನಿನ್ನ ಚಾದರದ ಪಾಠ ಅಂಗಳದಲ್ಲೇ ಮಾಡಿದೆ. ಮಂಚ ಹೊರಗೆ ಎಳೆಸಿ, ದೋಣಿಯವನನ್ನೂ ನರ್ಸಮ್ಮನನ್ನೂ ಎದುರು ಕೂರಿಸಿ, ಚಾದರ ಬೀಸಿ ತೋರಿಸಿದೆ. ನರ್ಸಮ್ಮ ಚಪ್ಪಾಳೆ ತಟ್ಟಿದಳು. ಅವಳಿಗೆ ಆ ಕೋಳಿಯ ಮೇಲೆ ಜೀವ. ಹೆರಿಗೆ ಕಷ್ಟವಾದವರನ್ನೆಲ್ಲ ದೋಣಿಯಲ್ಲಿ ಮಲಗಿಸಿಕೊಂಡು ಹೋಗಿ ಸಾಕಾಗಿದ್ದಾಳೆ. ದೋಣಿಯವನು ಮಾತ್ರ ಗಲ್ಲ ಕೆರೆದುಕೊಂಡ.

"ಎಲ್ಲ ಸರಿ ಅಜ್ಜಿ. ನಿಮ್ಮ ಹಾಸಿಗೆ ಬಿದ್ದಲ್ಲೇ ಬಿದ್ದಿರುತ್ತೆ. ಸಮುದ್ರ ಹಾಗೆ ಮಲ್ಗುತ್ತಾ?"

"ನಿನ್ನಂಥ ನೂರು ಜನ ಕೇಳೋ ಮೊದ್ಲೇ ಅವಳು ಅದನ್ನ ಯೋಚ್ನೆ ಮಾಡಿರ್ತಾಳೆ. ಏಳು, ಮಂಚ ಒಳಗಿಡು."

ಅಂದದ್ದೇನೋ ಅಂದೆ. ಈಗ ಅವನ ಬಾಯಿ ಮುಚ್ಚಿಸುವ ಹಾಗೆ ಒಂದು ಉತ್ತರ ಕಳಿಸು.

ನಿನ್ನ ಅಜ್ಜಿ


ಫೆಬ್ರವರಿ ೨೮

ಅಜ್ಜಿ,

ಯಾರೂ ಇಲ್ಲ, ಮೀಸೆಯೂ ಇಲ್ಲ. ಕೆಲಸ ಜಾಸ್ತಿ ಇದೆ. ಹಾಸಿಗೆ ಅಲುಗಾಡುವ ವಿಷಯ ನಮಗೆ ಗೊತ್ತು, ನೋಡಿಕೊಳ್ಳುತ್ತಿದ್ದೇವೆ. ಆಮೇಲೆ ವಿವರವಾಗಿ ಬರೆಯುತ್ತೇನೆ.

ಮೊಂಡು


ಮಾರ್ಚ್ ೧೪

ಮೊಂಡಮ್ಮನವರಿಗೆ,

ಇದು ಪತ್ರವಾ, ಬಸ್ಸಿನ ಟಿಕೆಟ್ಟಾ? ಇಷ್ಟು ಬರೆಯಲು ಅಂಚೆಚೀಟಿ ಯಾಕೆ ಹಾಳು ಮಾಡಿದೆ? ಅವನು ನಿನಗೆ ಏನೋ ಅಂದಿರಬೇಕು. ಇರಲಿ, ನೀನೇ ಹೇಳುವ ತನಕ ಕೇಳುವುದಿಲ್ಲ.

ಈಗ ಸುದ್ದಿ ಕೇಳು. ಏಪ್ರಿಲ್ ಕೊನೆಗೆ ಕೋಳಿ ಬರುತ್ತದಂತೆ. ಮೊದಲ ದಿನ ಹತ್ತುವವರ ಹೆಸರು ಬರೆದುಕೊಳ್ಳುತ್ತಿದ್ದರು. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಎಲ್ಲರಿಗಿಂತ ಮೇಲೆ ನನ್ನ ಹೆಸರು. "ಅಜ್ಜಿ, ಭಯ ಆಗಲ್ವಾ?" ಎಂದು ಆಫೀಸಿನವನು ಕೇಳಿದ. "ಮಾಡಿದವಳನ್ನ ಉಚ್ಚೆ ಬಟ್ಟೆಯಿಂದ ನೋಡಿದ್ದೀನಿ, ಭಯ ಎಂಥದ್ದು" ಅಂದೆ. ಯಾಕೆ ಬರುತ್ತಿದ್ದೇನೆ ಎಂದು ತಲೆ ಕೆಡಿಸಿಕೊಳ್ಳಬೇಡ. ನಾಲ್ಕು ಹೊಸ ಚಾದರ ಕೊಳ್ಳಬೇಕು, ನಿನ್ನ ಮುಖ ನೋಡಬೇಕು.

ಇನ್ನೊಂದು ಮಾತು. ಆ ದೋಣಿಯವನು ನಿನ್ನೆ ಹಿತ್ತಲ ಬಾಗಿಲಿಂದ ಬಂದು ನರ್ಸಮ್ಮನ ಹತ್ತಿರ ತಲೆ ತಗ್ಗಿಸಿ ನಿಂತ. ಅವನ ಮಗಳು ಈಗ ಏಳು ತುಂಬಿದ ಬಸುರಿ. ಮೊದಲನೆಯ ಮಗು ಅವನದೇ ದೋಣಿಯಲ್ಲಿ, ನಡುದಾರಿಯಲ್ಲಿ ಹುಟ್ಟಿತು. ಅಳಲಿಲ್ಲ. ಚುಕ್ಕಾಣಿ ಹಿಡಿದಿದ್ದವನು ಇವನೇ. "ಕೋಳಿಗೆ ನನ್ನ ಮಗಳ ಹೆಸ್ರೂ ಬರ್ಸಿ. ಯಾರಿಗೂ ನಗೋಕೆ ಬಿಡ್ಬೇಡಿ" ಅಂದ. ನನ್ನ ಹೆಸರಿನ ಕೆಳಗೇ ಅವಳ ಹೆಸರಿದೆ. ನಾನೂ ನಗಲಿಲ್ಲ.

ನೀನು ದಡದಲ್ಲಿ ಬಂದು ನಿಂತಿರಬೇಕು.

ನಿನ್ನ ಅಜ್ಜಿ


ಮಾರ್ಚ್ ೨೫

ಅಜ್ಜಿ,

ಈ ಪತ್ರವನ್ನು ಯಾರಿಗೂ ತೋರಿಸಬೇಡ. ಓದಿ ಒಲೆಗೆ ಹಾಕು.

ನೀನು ಅದರಲ್ಲಿ ಹತ್ತಬೇಡ. ಆ ದಿನ ಜ್ವರ ಅನ್ನು, ಹೊಟ್ಟೆನೋವು ಅನ್ನು, ಏನಾದರೂ ನೆಪ ಹೇಳು.

ನಿನಗೆ ಸುಳ್ಳು ಬರೆಯಲಿಲ್ಲ, ಪೂರ್ತಿ ಬರೆಯಲಿಲ್ಲ. ಜೋಕಾಲಿಯಲ್ಲಿ ಕೂತವರನ್ನು ಸರಿಯಾದ ಹೊತ್ತಿಗೆ ಒಂದು ಬೆರಳಿನಿಂದ ನೂಕುತ್ತಾ ಹೋದರೂ ಸಾಕು, ಪ್ರತಿ ಸಲ ಸ್ವಲ್ಪ ಸ್ವಲ್ಪ ಮೇಲೇರುತ್ತಾರೆ. ನಮ್ಮ ವಿಮಾನವೂ ತನ್ನ ಗಾಳಿಯ ಹಾಸಿಗೆಯ ಮೇಲೆ ಜೋಕಾಲಿಯ ಹಾಗೆ ಏರಿಳಿಯುತ್ತದೆ, ಅದಕ್ಕೂ ಒಂದು ತಾಳವಿದೆ. ಒಂದರ ಹಿಂದೊಂದು ಬರುವ ಅಲೆಗಳ ಅಂತರ ಆ ತಾಳಕ್ಕೆ ಕೂಡಿಬಂದರೆ ಏರಿಳಿತ ಬೆಳೆಯುತ್ತಲೇ ಹೋಗುತ್ತದೆ. ಕೊನೆಗೆ ಅದು ಹಾಸಿಗೆಯನ್ನೇ ಬಿಟ್ಟು ಮೇಲೆದ್ದು, ಕೆಳಗಿನ ಆಸರೆ ತಪ್ಪಿ, ಮೂತಿ ಎತ್ತಿ ಮಗುಚುತ್ತದೆ. ತೊಟ್ಟಿಯಲ್ಲಿ ಒಮ್ಮೆ ಅಲ್ಲ, ಆ ಅಂತರದ ಅಲೆ ಎಬ್ಬಿಸಿದಾಗಲೆಲ್ಲ ಮಗುಚಿತು.

ಆ ಅಲೆ ದೊಡ್ಡದಾಗಿರಬೇಕಿಲ್ಲ, ಅದೇ ನನ್ನ ನಿದ್ದೆ ಕೆಡಿಸಿದ್ದು. ಎಲ್ಲೋ ದೂರದಲ್ಲಿ ಬಿರುಗಾಳಿ ಬೀಸಿ ನಿಂತ ಮೇಲೆ ತಗ್ಗಾಗಿ ಉದ್ದುದ್ದಕ್ಕೆ ಬರುವ ಅಲೆ. ದಡದಿಂದ ನೋಡಿದರೆ ಸಮುದ್ರ ಮಲಗಿದ ಹಾಗೇ ಇರುತ್ತದೆ. ನಮ್ಮ ನಿಯಮದಲ್ಲಿ ಅಲೆ ಎಷ್ಟು ಎತ್ತರ ಇರಬಹುದು ಅನ್ನುವುದು ಮಾತ್ರ ಇದೆ, ಅಂತರದ ಮಾತೇ ಇಲ್ಲ. ದೊಡ್ಡ ವಿಮಾನವನ್ನು ಓಡಿಸಿ ನೋಡಿದ್ದೆಲ್ಲ ಕೊಲ್ಲಿಯ ಒಳಗೆ. ಅಂಥ ಅಲೆ ಅಲ್ಲಿಗೆ ಬರುವುದೇ ಇಲ್ಲ. ದೊಡ್ಡ ಸಾಹೇಬರಿಗೆ ಹೇಳಿದೆ. "ದಿನಾಲೂ ಅಂಥ ಅಲೆ ಇರಲ್ಲಮ್ಮ. ಮೊದಲನೇ ಓಡಾಟ ಮುಗೀಲಿ, ಆಮೇಲೆ ನೋಡೋಣ" ಅಂದರು. ತೊಟ್ಟಿಯ ವರದಿಗೆ ನಾನು ರುಜು ಹಾಕಬೇಕು. ಹಾಕದಿದ್ದರೆ ತೊಟ್ಟಿಯ ಕೆಲಸದಿಂದ ತೆಗೆಯುತ್ತಾರೆ. ಇಷ್ಟು ವರ್ಷ ಓದಿದ್ದು ಈ ಕೆಲಸಕ್ಕಾಗಿಯೇ ಎಂದು ನಿನಗೆ ಗೊತ್ತು.

ಬಹುಶಃ ಏನೂ ಆಗುವುದಿಲ್ಲ. ಆದರೂ ನೀನು ಹತ್ತಬೇಡ.

ಮೊಂಡು


ಏಪ್ರಿಲ್ ೩

ಮೊಂಡು,

ಇವತ್ತು ಬೈಯುವ ಮೊದಲು ಒಂದು ವಿಷಯ ಹೇಳಬೇಕು. ನನ್ನ ಕಣ್ಣಿಗೆ ಪೊರೆ ಬಂದಿದೆ. ಎರಡಕ್ಕೂ. ಅಕ್ಷರ ದಪ್ಪಗಿದ್ದದ್ದು ಸಿಟ್ಟಿನಿಂದಲೂ ಅಲ್ಲ, ಪೆನ್ನಿನಿಂದಲೂ ಅಲ್ಲ. ನಾನು ಬರೆದದ್ದು ನನಗೆ ಕಾಣಲಿ ಎಂದು. ಇರುವೆ ಸಾಲಿನಂಥ ನಿನ್ನ ಅಕ್ಷರ ನನಗೆ ಬರೀ ಬೂದಿಬಣ್ಣ. ನಿನ್ನ ಪತ್ರಗಳನ್ನೆಲ್ಲ ನನಗೆ ಓದಿ ಹೇಳುತ್ತಿದ್ದದ್ದು ನರ್ಸಮ್ಮ. ಆಚೆ ದಡದಲ್ಲಿ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಟ್ಟವಳೂ ಅವಳೇ. ಚಾದರ ಕೊಳ್ಳುವುದು ಬರೀ ಬಾಯಿಮಾತು.

ಈಗ ಅರ್ಥವಾಯಿತಾ, ನೀನು ಯಾರಿಗೂ ತೋರಿಸಬೇಡ ಅಂದ ಪತ್ರವನ್ನು ಮೊದಲು ಓದಿದವರು ಯಾರು ಎಂದು?

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೊದಲ ಸಾಲು ಓದಿ ನಿಲ್ಲಿಸಿದಳು.

"ಅಜ್ಜಿ, ಇದು ನಿಮಗೆ ಮಾತ್ರ ಬರ್ದಿದ್ದು."

"ನಾನೆಲ್ಲಿ ತೋರಿಸ್ತಿದ್ದೀನಿ, ನೀನು ಓದ್ತಿದ್ದೀಯ. ಮುಂದೆ ಓದು."

"ಬೇಡ ಅಜ್ಜಿ."

"ಆ ಹುಡುಗನ ವಿಷಯ ಇರ್ಬೇಕು ಕಣೇ. ನನಗೂ ತಡೆಯೋಕಾಗ್ತಿಲ್ಲ. ಓದು."

ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಔಷಧಿ ಬಾಟಲಿಯ ಮೇಲಿನ ಚೀಟಿ ಓದುವ ಹಾಗಾಯಿತು. ಮುಗಿದ ಮೇಲೆ ಹಾಳೆಯನ್ನು ಮಡಿಸಿದ ಗೆರೆಗೇ ಸರಿಯಾಗಿ ಮಡಿಸಿ ನನ್ನ ಕೈಯಲ್ಲಿಟ್ಟಳು.

"ನೀವು ಹತ್ತಬಾರ್ದು, ಸರಿ. ದೋಣಿಯವರ ಮಗಳನ್ನ ನಾನು ಹತ್ತಿಸ್ಬೇಕೋ ಬೇಡ್ವೋ ಅಂತ ನಿಮ್ಮ ಮೊಮ್ಮಗಳು ಬರ್ದಿಲ್ವಲ್ಲ ಅಜ್ಜಿ."

ಇಷ್ಟು ವರ್ಷದಲ್ಲಿ ನನ್ನ ಬಾಯಿ ಕಟ್ಟಿದ್ದು ಅವತ್ತೇ. ನನ್ನ ಬಾಯಿ ಕಟ್ಟಿಸಿದವಳು ನೀನು.

ನನ್ನ ಹೆಸರಿನ ಕೆಳಗೆ ಅವಳ ಹೆಸರಿದೆ ಎಂದು ನಾನೇ ಬರೆದಿದ್ದೆ. ಅವಳ ಮೊದಲನೆಯ ಮಗುವಿನ ಸುದ್ದಿಯನ್ನೂ ಬರೆದಿದ್ದೆ. ಅದನ್ನು ಓದಿಯೂ ನನಗೊಬ್ಬಳಿಗೆ ನೆಪ ಕಳಿಸಿದೆಯಲ್ಲ, ಅವಳಿಗೆ ಯಾವ ನೆಪ ಇಟ್ಟಿದ್ದೆ? ನನ್ನ ಹೆಸರು ಆ ಪಟ್ಟಿಯಲ್ಲಿ ಇಲ್ಲದೇ ಹೋಗಿದ್ದರೆ ರುಜು ಹಾಕಿ ಮುಗಿಸುತ್ತಿದ್ದೆಯಾ? ಇದಕ್ಕೆ ಉತ್ತರ ನನಗೆ ಬರೆಯಬೇಡ. ನಿನಗೇ ಹೇಳಿಕೋ.

ಇಬ್ಬರೂ ಹೋಗಿ ದೋಣಿಯವನಿಗೆ ಹೇಳಿದೆವು. ಕುಣಿಯುತ್ತಾನೆ, 'ನಾನು ಹೇಳಿರಲಿಲ್ವಾ' ಅನ್ನುತ್ತಾನೆ ಅಂದುಕೊಂಡಿದ್ದೆ. ಹಗ್ಗ ಸುತ್ತುತ್ತಿದ್ದವನು ಸುತ್ತುತ್ತಲೇ ಇದ್ದ. ಕೊನೆಗೆ ಒಂದೇ ಮಾತು ಕೇಳಿದ: "ಇದನ್ನ ಹೇಳಿದ್ರೆ ಆ ಹುಡುಗಿ ಕೆಲ್ಸ ಹೋಗುತ್ತಾ ಅಜ್ಜಿ?"

ಅವನು ಕೇಳಿದ್ದು ನಿನ್ನ ಕೆಲಸದ ಬಗ್ಗೆ.

ನನಗೆ ಬರೆದದ್ದನ್ನೇ ಎಲ್ಲರಿಗೂ ಬರಿ. ಜೋಕಾಲಿ, ಅಂತರ, ಎಲ್ಲವನ್ನೂ. ನಿನ್ನ ಸಾಹೇಬನಿಗೆ, ಅವನ ಮೇಲಿನವರಿಗೆ, ಕಟ್ಟೆಯ ಆಫೀಸಿಗೆ. ಕೆಳಗೆ ರುಜು ಹಾಕು. ರುಜು ಹಾಕಲು ನಿನಗೆ ಅಷ್ಟು ಆಸೆಯಿದ್ದರೆ ಅದಕ್ಕೆ ಹಾಕು.

ನಾನು ದೋಣಿಯಲ್ಲೇ ಬರುತ್ತೇನೆ.

ಅಜ್ಜಿ


ಏಪ್ರಿಲ್ ೧೧

ಅಜ್ಜಿ,

ಈ ಅಕ್ಷರ ನಿನಗೇ ಕಾಣಲಿ ಎಂದು ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ.

ಬರೆದೆ. ನೀನು ಹೇಳಿದ ಎಲ್ಲರಿಗೂ ಕಳಿಸಿದೆ. ಸಭೆ ಕರೆದರು. ಸಾಹೇಬರು ನನ್ನ ಮುಖ ನೋಡಲಿಲ್ಲ. ತೊಟ್ಟಿಗೆ ಬೀಗ ಹಾಕಿಲ್ಲ, ಆದರೆ ಬೀಗದಕೈ ಈಗ ನನ್ನ ಹತ್ತಿರ ಇಲ್ಲ. ನಕ್ಷೆಗಳನ್ನು ಜೋಡಿಸಿಡುವ ಕೋಣೆಯಲ್ಲಿ ಕೂರಿಸಿದ್ದಾರೆ. ಅಲ್ಲಿ ಕಿಟಕಿಯಿಲ್ಲ. ಮೊದಲ ಓಡಾಟವನ್ನು ಮುಂದೂಡಿದ್ದಾರೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಬೇಡ ಅಂದಿದ್ದೀಯ. ಬರೆಯುವುದಿಲ್ಲ. ಉತ್ತರ ನನಗೆ ಗೊತ್ತಾಗಿದೆ, ಅದು ನನಗೆ ಇಷ್ಟವಾಗಲಿಲ್ಲ.

ದೋಣಿಯವರ ಮಗಳನ್ನೂ ನಿನ್ನ ಜೊತೆಯಲ್ಲೇ ಕರೆದುಕೊಂಡು ಬಾ. ಇನ್ನೂ ದಿನವಿದೆ, ಆತುರದ ಪ್ರಯಾಣ ಬೇಡ. ಹೆರಿಗೆಯಾಗುವ ತನಕ ನನ್ನ ಕೋಣೆಯಲ್ಲಿರಲಿ. ಆಸ್ಪತ್ರೆ ಎರಡು ಬೀದಿ ಆಚೆ. ನಾನು ನೆಲದ ಮೇಲೆ ಮಲಗುತ್ತೇನೆ.

ಕಣ್ಣಿನ ವಿಷಯ ನನಗೆ ಯಾಕೆ ಹೇಳಲಿಲ್ಲ? ಬದನೆಕಾಯಿ ಎಂದು ನಕ್ಕಿದ್ದೆ.

ಮೊಂಡು


ಮೇ ೨೪

ಮೊಂಡು,

ನೋಡು, ಅಕ್ಷರ ಎಷ್ಟು ಸಣ್ಣ. ಎಲ್ಲ ನಾನೇ ಬರೆದು ನಾನೇ ಓದಿದ್ದು. ಒಂದು ಕಣ್ಣು ಪೂರ್ತಿ ಬಂದಿದೆ, ಇನ್ನೊಂದರ ಪೊರೆಯನ್ನು ಮುಂದಿನ ಸಲ ತೆಗೆಯುತ್ತಾರಂತೆ. ಒಂದೇ ಕಣ್ಣಿನಲ್ಲಿ ಮನೆ ನೋಡಿ ಗಾಬರಿಯಾಯಿತು. ಇಷ್ಟು ಧೂಳಿನಲ್ಲಿ ಬಾಡಿಗೆಯವರನ್ನು ಇಟ್ಟುಕೊಂಡಿದ್ದೆನಲ್ಲ, ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದಾ?

ನಿನ್ನ ಕೋಣೆಯಲ್ಲಿ ಮೂರು ಹೆಂಗಸರು ಕಾಲು ಚಾಚಲು ಜಾಗವಿಲ್ಲದೆ ಇದ್ದಾಗ ಹೇಳದೇ ಉಳಿದದ್ದು ಒಂದಿದೆ. ಬರುವಾಗಿನ ದೋಣಿಯ ವಿಷಯ. ಆವತ್ತು ಎಲ್ಲರೂ "ಎಂಥಾ ದಿನ, ಸಮುದ್ರ ಹಾಲಿನ ಹಾಗಿದೆ" ಅಂದರು. ನನಗೆ ಕಾಣುತ್ತಿರಲಿಲ್ಲ, ಕೂತಿದ್ದೆ. ನಡುದಾರಿಗೆ ಬಂದ ಮೇಲೆ ದೋಣಿ ಮೆಲ್ಲಗೆ ಮೇಲೇರಿತು, ಮೆಲ್ಲಗೆ ಇಳಿಯಿತು. ಮತ್ತೆ ಏರಿತು. ಯಾರೋ ಕೆಳಗೆ ಮಲಗಿ ಉಸಿರಾಡುತ್ತಿದ್ದ ಹಾಗೆ. ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಪಕ್ಕದಲ್ಲಿ ದೋಣಿಯವನ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ದೋಣಿಯವನು ಚುಕ್ಕಾಣಿಯಿಂದಲೇ ನನ್ನ ಕಡೆ ಬಾಗಿ, "ಅಜ್ಜಿ, ಇದೇನಾ ನಿಮ್ಮ ಮೊಮ್ಮಗಳ ಜೋಕಾಲಿ?" ಅಂದ. "ಇದೇ" ಅಂದೆ.

ಮಗು ಚೆನ್ನಾಗಿದೆ. ನಿನ್ನ ಎದುರಿಗೇ ಹುಟ್ಟಿದ್ದನ್ನು ನಿನಗೇ ಯಾಕೆ ಹೇಳಲಿ. ಇಲ್ಲಿ ಬಂದ ಮೇಲೆ ಅಳು ಇನ್ನೂ ಜಾಸ್ತಿಯಾಗಿದೆ. ಕಟ್ಟೆಯಿಂದ ನಮ್ಮ ಮನೆಗೆ ಕೇಳುತ್ತದೆ. ಅಜ್ಜನಾದವನು ಅದನ್ನು ಎತ್ತಿಕೊಂಡು ದೋಣಿಗೆ ಬಂದವರಿಗೆಲ್ಲ ಅಳಿಸಿ ತೋರಿಸುತ್ತಾನೆ.

ಎಲ್ಲರೂ ನಿನ್ನನ್ನು ಹೊಗಳುತ್ತಿದ್ದಾರೆ ಅಂದುಕೊಳ್ಳಬೇಡ. ಗೋಡೆಯ ಚೀಟಿಯ ಮೇಲೆ 'ಮುಂದಿನ ಸೂಚನೆಯ ತನಕ ಇಲ್ಲ' ಎಂದು ಅಡ್ಡ ಅಂಟಿಸಿದ್ದಾರೆ. ಹೋದ ವಾರ ನರ್ಸಮ್ಮ ಒಬ್ಬ ಮುದುಕನನ್ನು ಎದೆನೋವೆಂದು ದೋಣಿಯಲ್ಲಿ ಕರೆದೊಯ್ದಳು. ಬದುಕಿದ. ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಇನ್ನೊಂದು ಮಳೆಗಾಲ ಇದರಲ್ಲೇ ಅಲ್ವಾ ಅಜ್ಜಿ" ಅಂದಳು. ನಿನ್ನ ಮೇಲಿನ ಸಿಟ್ಟಲ್ಲ, ಸುಸ್ತು. ಆದರೆ ಆ ಮಾತು ನಿನಗೂ ತಲುಪಬೇಕು, ಅದಕ್ಕೇ ಬರೆದೆ. ಚೀಟಿಯ ಕೆಳಗೆ ದೋಣಿಯವನು ಸೀಮೆಸುಣ್ಣದಲ್ಲಿ ಗೀಚಿದ್ದಾನೆ: 'ಕೋಳಿ ಕಾವಿಗೆ ಕೂತಿದೆ, ಎಬ್ಬಿಸಬೇಡಿ.' ಆಫೀಸಿನವರು ಅಳಿಸಿದರೆ ಮತ್ತೆ ಬರೆಯುತ್ತಾನೆ.

ಈ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಚಾದರ ಬೀಸಿದೆ. ಇಷ್ಟು ವರ್ಷ ಬೀಸಿದ್ದೇನೆ, ಒಂದು ದಿನವಾದರೂ ನಿಂತು ನೋಡಿದವಳಲ್ಲ. ಅಂಗಳದಲ್ಲಿ ತೋರಿಸಿದ ದಿನವೂ ನನಗೆ ಕಂಡಿರಲಿಲ್ಲ. ಇವತ್ತು ನೋಡಿದೆ. ಸರಸರ ಇಳಿದದ್ದು ಒಂದು ಗೇಣು ಇರುವಾಗ ನಿಂತೇ ಬಿಟ್ಟಿತು. ನೀನು ಬರೆದದ್ದು ನಿಜ. ಅಲ್ಲಿ ಏನೂ ಇಲ್ಲ, ಆದರೂ ಹೊತ್ತುಕೊಂಡಿದೆ. ಆಮೇಲೆ ಇನ್ನೊಮ್ಮೆ ಬೀಸಿ, ಮಂಚಕ್ಕೆ ಮೊಣಕಾಲು ತಾಗಿಸಿ ಸ್ವಲ್ಪ ಅಲ್ಲಾಡಿಸಿದೆ. ಚಾದರ ಒಂದು ಮೂಲೆಯಲ್ಲಿ ಬಿದ್ದುಹೋಯಿತು. ಅದೂ ನಿಜ.

ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ನೀನು ನಕ್ಷೆ ಮಡಿಸುತ್ತಿದ್ದರೆ ಇದನ್ನು ಸರಿಮಾಡುವವರು ಯಾರು? ಮಗುಚುತ್ತದೆ ಎಂದು ಹೇಳಿ ಬಂದದ್ದು ಅರ್ಧ ಕೆಲಸ. ಮಗುಚದ ಹಾಗೆ ಮಾಡುವುದು ಇನ್ನರ್ಧ. ಹೋಗು, ಆ ಸಾಹೇಬನ ಎದುರು ನಿಂತು ತೊಟ್ಟಿಯ ಬೀಗದಕೈ ಕೇಳು. ಕೊಡದಿದ್ದರೆ ನಾಳೆಯೂ ಹೋಗಿ ಕೇಳು. ನಿನ್ನನ್ನು ಸುಮ್ಮನೆ ಮೊಂಡು ಎಂದು ಕರೆದೆನಾ?

ಕಟ್ಟೆಯ ಪಟ್ಟಿಯಿಂದ ಹೆಸರು ತೆಗೆಯಲಾ ಎಂದು ಆಫೀಸಿನವನು ಕೇಳಿದ. ಕೈ ಮುರಿದೇನು ಅಂದೆ. ಮೇಲೆ ನನ್ನ ಹೆಸರು ಹಾಗೇ ಇದೆ. ಅದರ ಕೆಳಗೆ ದೋಣಿಯವನ ಮಗಳ ಹೆಸರು ಇದ್ದ ಜಾಗದಲ್ಲಿ ಈಗ ಎರಡು ಹೆಸರಿವೆ. ಮಗುವಿನದನ್ನು ಅವನೇ ಸೇರಿಸಿದ. ಅದು ಇನ್ನೂ ಕತ್ತು ನಿಲ್ಲಿಸುವುದಿಲ್ಲ, ಆದರೆ ಅದರ ಸೀಟು ಕಾದಿದೆ.

ಬೀಗದಕೈ ಸಿಕ್ಕಿತಾ ಇಲ್ಲವಾ, ಅಲೆಯ ಅಂತರಕ್ಕೆ ಏನು ಮಾಡುತ್ತೀರಿ, ಎರಡಕ್ಕೂ ಪೂರ್ತಿ ಉತ್ತರ ಬೇಕು. ಅಕ್ಷರ ಎಷ್ಟು ಸಣ್ಣದಾದರೂ ಬರಿ, ಈಗ ನಾನೇ ಓದುತ್ತೇನೆ. ಆದರೆ ಇಡೀ ಕಟ್ಟೆಯ ಎದುರು ಗಟ್ಟಿಯಾಗಿ ಓದಬಹುದಾದದ್ದನ್ನೇ ಬರಿ. ಜೂನ್ ಹುಟ್ಟುವ ಮೊದಲು ಪತ್ರ ನನ್ನ ಕೈಯಲ್ಲಿರಬೇಕು.

ನಿನ್ನ ಅಜ್ಜಿ